ಮಚ್ಚಿನ ಕೆಳಗಿನ ಕೈ

ಇದನ್ನು ಹೇಳಲು ಹೊರಟದ್ದೇ ನನ್ನ ಅಧಿಕಪ್ರಸಂಗವೇನೋ. ಒಬ್ಬ ಹೆಣ್ಣು ತುಟಿ ಕಚ್ಚಿ ಮುಚ್ಚಿಟ್ಟದ್ದನ್ನು ಬಿಚ್ಚಿಡುವಷ್ಟು ಬುದ್ಧಿಯಾಗಲಿ ಭಾಷೆಯಾಗಲಿ ನನಗಿಲ್ಲ. ತಪ್ಪಿದ್ದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

“ಕೈ ಎಳೆದೀಯ, ಜೋಕೆ!” ಅತ್ತೆ ಗುಡುಗಿದಳು. ಮಚ್ಚು ಅವಳ ತಲೆಯ ಮೇಲೆ ಎದ್ದಿತ್ತು.

ಕೊರಡಿನ ಮೇಲೆ ಕುರಿಯ ತೊಡೆ. ಅದರ ಮೂಳೆಯನ್ನು ಎರಡೂ ಕೈಗಳಲ್ಲಿ ಒತ್ತಿ ಹಿಡಿದು ಸೊಸೆ ನಿಂತಿದ್ದಳು. ಆ ಮಾಂಸದಂಗಡಿಯಲ್ಲಿ ಮೊದಲಿನಿಂದಲೂ ಹಾಗೇ. ಒಬ್ಬರು ಹಿಡಿಯಬೇಕು, ಒಬ್ಬರು ಹೊಡೆಯಬೇಕು. ಹಿಡಿದವರು ಏಟು ಬೀಳುವ ಮುನ್ನ ಕೈ ಎಳೆದುಕೊಂಡರೆ ಹೊಡೆಯುವವರ ಮುಖಕ್ಕೆ ಉಗಿದಂತೆ! ಒಂಬತ್ತು ವರ್ಷಗಳಲ್ಲಿ ಸೊಸೆ ಒಮ್ಮೆಯೂ ಎಳೆದವಳಲ್ಲ. ಅತ್ತೆಯ ಬಾಯಿ ಎಷ್ಟು ಕೆಟ್ಟದ್ದೋ ಕೈ ಅಷ್ಟೇ ಪಳಗಿದ್ದು. ಆದರೆ ಇಂದು... ಅತ್ತೆಯ ಕಣ್ಣಿಗೆ ಒಂದು ಎರಡಾಗಿ ಕಾಣುತ್ತಿದೆ ಎಂಬುದು ಸೊಸೆಯೊಬ್ಬಳಿಗೇ ಗೊತ್ತಿತ್ತು.

ಮೊದಲು ಅತ್ತೆಯ ಕಣ್ಣುಗಳ ಕೆಳಗೆ ಚರ್ಮ ಚೀಲ ಕಟ್ಟಿದಂತೆ ಜೋತುಬಿದ್ದಿತ್ತು. “ಯಾಕಮ್ಮಾ, ಅತ್ತಿದ್ದೀರಾ?” ಎಂದು ಗಿರಾಕಿಗಳು ಕೇಳುತ್ತಿದ್ದರು. ಗಂಡನ ಹೆಣದ ಮುಂದೆಯೂ ಕಣ್ಣೀರು ಹಾಕದ ಹೆಂಗಸಿಗೆ ಆ ಮಾತು ಬೆಂಕಿ ಇಟ್ಟಂತಾಗುತ್ತಿತ್ತು. ಊರಿನ ಇನ್ನೊಂದು ತುದಿಯ ಆಸ್ಪತ್ರೆಗೆ ಹೋಗಿ ಆ ಚೀಲಗಳನ್ನು ತೆಗೆಸಿಕೊಂಡು ಬಂದಳು. ಮಗನ ಮುಂದೆ ಮಾತ್ರ ತನ್ನ ಕಣ್ಣಿನ ಪೊರೆ ತೆಗೆಸಿದ್ದಾಗಿ ಹೇಳಿದಳು. ಮುಖ ಎಳೆಯದಾಯಿತು, ನಿಜ. ಆದರೆ ಊತ ಇಳಿದ ಮೇಲೂ ತಕ್ಕಡಿ ಎರಡು, ಬಾಗಿಲು ಎರಡು. “ಒಬ್ಬಳೇ ಸಾಕಾಗಿತ್ತು ನನ್ನ ಜೀವ ತಿನ್ನೋಕೆ, ಈಗ ಇಬ್ಬರು ಸೊಸೇರು!” ಎಂದು ಸೊಸೆಯೊಬ್ಬಳ ಮುಂದೆ ಗೊಣಗಿದಳು.

ಹಿಂದಿನ ದಿನ ಸೊಸೆಯೇ ಅವಳನ್ನು ಕಣ್ಣಿನ ಡಾಕ್ಟರಮ್ಮನ ಬಳಿಗೆ ಕರೆದೊಯ್ದಿದ್ದಳು.

“ಕಣ್ಣ ಕೆಳಗಿನ ಕೊಬ್ಬು ತೆಗೆಯೋವಾಗ ಕಣ್ಣು ತಿರುಗಿಸೋ ಸ್ನಾಯುವಿಗೆ ಪೆಟ್ಟಾಗಿದೆ. ತಾನಾಗೇ ಸರಿಹೋಗಬಹುದು, ಕೆಲವು ತಿಂಗಳು ಕಾಯಬೇಕು. ಅಲ್ಲೀವರೆಗೆ ಒಂದು ಕಣ್ಣಿಗೆ ಪಟ್ಟಿ ಕಟ್ಟಿ. ಆಮೇಲೆ ಎರಡನ್ನ ಒಂದು ಮಾಡಿ ತೋರಿಸೋ ಗಾಜಿನ ಕನ್ನಡಕ. ಅದಕ್ಕೂ ಬಗ್ಗದಿದ್ರೆ ಆಪರೇಷನ್. ಮಚ್ಚು ಮಾತ್ರ ಮುಟ್ಟಬೇಡಿ.”

ಹೊರಬಂದವಳೇ ಅತ್ತೆ ಪಟ್ಟಿಯನ್ನು ಚರಂಡಿಗೆ ಎಸೆದಳು. “ಮುದುಕಿಗೆ ಸಿಂಗಾರದ ಹುಚ್ಚು ಅಂತ ಊರೆಲ್ಲ ಆಡ್ಕೋಬೇಕಾ?” ಸೊಸೆಯ ಕೆನ್ನೆಗೂ ಒಂದು ಬಿಗಿದಳು. “ಮಗನ ಕಿವಿಗೆ ಬಿತ್ತೋ, ನಿನ್ನ ನಾಲಿಗೆ ಕೊರಡಿನ ಮೇಲೆ!”

“ಅತ್ತೆ... ಇವತ್ತು ನಾನೇ ಹೊಡೀತೀನಿ,” ಸೊಸೆ ಈಗ ಪಿಸುಗುಟ್ಟಿದಳು. “ನೀವು ಹಿಡ್ಕೊಳ್ಳಿ.”

“ನೋಡ್ರಪ್ಪಾ, ಈರುಳ್ಳಿ ಹೆಚ್ಚೋಕೆ ಅಳೋಳು ನನಗೆ ಕಲಿಸ್ತಾಳೆ!”

ಗಿರಾಕಿಗಳು ಗೊಳ್ಳೆಂದು ನಕ್ಕರು. ತಕ್ಕಡಿಯ ಬಳಿ ಇದ್ದ ಸೊಸೆಯ ಗಂಡನೂ ನಕ್ಕ. “ಹೆದರಬೇಡ ಕಣೇ, ಅಮ್ಮನ ಏಟು ತಪ್ಪಿದ್ದುಂಟಾ?”

ಎಳೆದುಕೊಳ್ಳಲೇ? ಎಳೆದರೆ ಗುಟ್ಟು ರಟ್ಟು... ಅವಳು ಕಣ್ಣು ಮುಚ್ಚಿದಳು.

ಮಚ್ಚು ಬಿತ್ತು.

ಸದ್ದು ಬೇರೆಯಾಗಿತ್ತು. ಎಡಗೈಯ ಎರಡು ಬೆರಳು ಮಾಂಸದ ಚೂರುಗಳ ನಡುವೆ ಬಿದ್ದಿದ್ದವು. ರಕ್ತ ತಕ್ಕಡಿಯವರೆಗೆ ಚಿಮ್ಮಿತ್ತು. ನಗುತ್ತಿದ್ದ ಬಾಯಿಗಳು ತೆರೆದೇ ಉಳಿದವು.

ಬೆರಳು ಕೂಡಿಸಲು ಆಗಲಿಲ್ಲ. ಮೂರನೆಯ ದಿನ ಆಸ್ಪತ್ರೆಯಿಂದ ಮನೆಗೆ ಹೊರಡುವಾಗ ಹೆಂಡತಿಯ ಚೀಲದಲ್ಲಿ ಗಂಡನ ಕೈಗೆ ಕಣ್ಣಿನ ಡಾಕ್ಟರಮ್ಮನ ಚೀಟಿ ಸಿಕ್ಕಿತು. ಅವನು ಅದನ್ನು ಓದಿದ. ಮನೆ ಹೊಕ್ಕವನೇ ತಾಯಿಯ ಜಡೆಗೆ ಕೈಹಾಕಿ ಗೋಡೆಗೆ ಅಪ್ಪಳಿಸಿದ! ಮೂಲೆಯಲ್ಲಿದ್ದ ಅದೇ ಮಚ್ಚನ್ನು ಎತ್ತಿ ಅವಳ ಕುತ್ತಿಗೆಗೆ ಒತ್ತಿದ.

“ಪೊರೆ ಅಂದ್ಯಲ್ಲಾ! ಎರಡು ಕಾಣ್ತಿತ್ತು, ಆದ್ರೂ ಹೊಡೆದೆ! ಕೊಡು, ನನ್ನ ಹೆಂಡ್ತಿ ಬೆರಳು ಕೊಡು!”

“ರೀ, ಬಿಡ್ರೀ!” ಸೊಸೆ ನಡುವೆ ನುಗ್ಗಿದಳು. ಕಟ್ಟಿದ ಬಟ್ಟೆ ಮತ್ತೆ ಕೆಂಪಾಯಿತು. “ಅವರದೇನೂ ತಪ್ಪಿಲ್ಲ... ನಾನೇ ಕೈ ಕದಲಿಸಿದೆ!”

ಮಚ್ಚಿನ ಅಲಗಿಗೆ ಅತ್ತೆಯ ಕುತ್ತಿಗೆಯಲ್ಲಿ ರಕ್ತದ ಗೆರೆ ಮೂಡಿತ್ತು. ಆದರೂ ಮಗನ ಏಟಿಗೆ ಕುಗ್ಗದ ಆ ಹೆಂಗಸು ಸೊಸೆಯ ಆ ಒಂದು ಸುಳ್ಳಿಗೆ ಕುಸಿದಳು.

“ಇಲ್ಲ ಕಣೋ... ಇವಳು ಕದಲಲೇ ಇಲ್ಲ. ಕಲ್ಲಿನ ಹಾಗೆ ಹಿಡ್ಕೊಂಡಿದ್ಲು. ಕಡಿದೋಳು ನಾನು... ನಾನು!” ಹೊಸ ರೆಪ್ಪೆಗಳ ಕೆಳಗಿಂದ ನೀರು ದಳದಳನೆ ಇಳಿಯಿತು. ಮಗನ ಕೈಯಿಂದ ಮಚ್ಚು ಜಾರಿತು.

ಇದಾಗಿ ಏಳು ತಿಂಗಳು. ಮರುದಿನವೇ ಅತ್ತೆ ತನ್ನ ಕಣ್ಣಿಗೆ ಹೊಸ ಪಟ್ಟಿ ತಂದಳು. ಅದನ್ನು ದಿನಾ ಬೆಳಿಗ್ಗೆ ಕಟ್ಟುತ್ತಿದ್ದವಳು ಸೊಸೆ. ಆಮೇಲೆ ಆ ಕನ್ನಡಕ ಬಂತು. ಈಗ ನೇರ ನೋಡಿದರೆ ಒಂದೇ, ಕಣ್ಣೆತ್ತಿ ಮೇಲೆ ನೋಡಿದರೆ ಮತ್ತೆ ಎರಡು. ಯಾರಾದರೂ ಕೇಳಿದರೆ ಅತ್ತೆ ಮುಚ್ಚಿಡುವುದಿಲ್ಲ. “ಚೆಂದ ಆಗೋಕೆ ಹೋದೆ, ಸೊಸೆ ಬೆರಳು ತಿಂದೆ.” ಮಚ್ಚು ಈಗ ಮಗನದು. ಮೂಳೆಯನ್ನು ಹಗ್ಗದಿಂದ ಕೊರಡಿಗೆ ಬಿಗಿದು ಕಡಿಯುತ್ತಾನೆ.

ಬರುವ ವಾರ ಆಪರೇಷನ್. ಎರಡು ಪೂರ್ತಿ ಒಂದಾಗುತ್ತದೆ ಎಂದು ಡಾಕ್ಟರಮ್ಮನೂ ಮಾತು ಕೊಟ್ಟಿಲ್ಲ. ಇನ್ನೊಂದು ಪ್ರಶ್ನೆ ಉಳಿದಿದೆ. ಆ ದಿನ ಅತ್ತೆಯ ಕಣ್ಣ ಮುಂದೆ ನಾಲ್ಕು ಕೈಗಳಿದ್ದವು. ನಿಜದ ಕೈ ಯಾವುದೆಂದು ಅವಳಿಗೆ ತಿಳಿದಿತ್ತೇ? ಸೊಸೆ ಕೇಳಿಲ್ಲ, ಅತ್ತೆ ಹೇಳಿಲ್ಲ. ನನಗೂ ಗೊತ್ತಿಲ್ಲ.