ಹಳೆಯ ಅಳತೆ

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಠಾಣೆಗೆ ಬಂದ ಬಸ್ ಚಾಲಕ, ಕುರ್ಚಿ ತೋರಿಸಿದರೂ ಕೂರಲಿಲ್ಲ. ಮಾತ್ರೆಗಳಿದ್ದ ಚೀಲವನ್ನು ಇನ್ಸ್‌ಪೆಕ್ಟರ್ ಮೇಜಿನ ಮೇಲಿಟ್ಟ.

"ನಕಲಿ ಮದ್ದು ಮಾರಿ ನನ್ನ ಹೆಂಡ್ತೀನ ಕೊಂದ್ರು ಸಾರ್. ಬರ್ಕೊಳ್ಳಿ."

ಹೆಂಡತಿ ಗುರುವಾರ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಳು. ಲೂಪಸ್ ಎಂಬ ಕಾಯಿಲೆ. ಸಾಯುವ ಮುಂಚೆ ತೆಗೆದ ರಕ್ತದಲ್ಲಿ ಮದ್ದಿನ ಸುಳಿವೇ ಇರಲಿಲ್ಲವಂತೆ.

"ಮಾತ್ರೆ ತಪ್ಪಿಸ್ತಿದ್ರಾ?"

"ಒಂದು ದಿನಾನೂ ಇಲ್ಲ. ನನ್ನ ಕಣ್ಣೆದುರೇ ನುಂಗ್ತಿದ್ಲು."

ಎಫ್‌ಐಆರ್ ದಾಖಲಾಯಿತು. ಆರೋಪಿಯ ಜಾಗದಲ್ಲಿ ಔಷಧಿ ಅಂಗಡಿಯವನ ಹೆಸರು.

ಅಂಗಡಿಯವನು ಮಾದರಿಗಳನ್ನು ತಾನೇ ಎತ್ತಿಕೊಟ್ಟ. "ನನ್ನಂಗಡೀಲಿ ನಕಲಿ ಅಂತ ಇದ್ರೆ ನನ್ನ ತಲೆ ಮೇಲಿನ ಈ ವಿಗ್ ಒಂದೇ ಸಾರ್." ಹೆಡ್ ಕಾನ್‌ಸ್ಟೇಬಲ್ ನಗು ನುಂಗಿಕೊಂಡಳು. ಪ್ರಯೋಗಾಲಯದ ವರದಿ ಬಂದಾಗ ಅವನ ಮಾತೇ ನಿಜವಾಯಿತು. ಮದ್ದು ಅಪ್ಪಟ ಅಸಲಿ.

ಆಸ್ಪತ್ರೆಯ ಡಾಕ್ಟರಮ್ಮ ಕಾಯಿಲೆಯನ್ನು ಗಾದೆ ಹೇಳಿ ವಿವರಿಸಿದರು. "ಬೇಲಿಯೇ ಎದ್ದು ಹೊಲ ಮೇಯೋದು ಅಂತೀವಲ್ಲ, ಅದು. ಮೈ ಕಾಯೋ ಶಕ್ತಿ ಮೈಯನ್ನೇ ತಿನ್ನುತ್ತೆ. ಅದನ್ನ ಅಡಗಿಸಿ ಇಡೋಕೆ ಮಾತ್ರೆ. ಅಡಗಿಸಿದ್ರೆ ಸಣ್ಣ ನೆಗಡಿಗೂ ಹೆದರ್ಬೇಕು. ಸ್ಟಿರಾಯ್ಡ್‌ನಿಂದ ಮುಖ ಬೇರೆ ಊದುತ್ತೆ. ಪಾಪ, ಮನೇಲಿ ಕನ್ನಡಿಗೆ ಬಟ್ಟೆ ಮುಚ್ಚಿದ್ಲಂತೆ."

"ಊತ ತಾನಾಗೇ ಇಳಿಯುತ್ತಾ?"

"ಅವಳಿಗಿದ್ದ ಪ್ರಮಾಣದಲ್ಲಿ? ಮಾತ್ರೆ ನುಂಗ್ತಿರೋ ತನಕ ಇಳಿಯೋದು ಕಷ್ಟ."

ಶುಕ್ರವಾರ ಮಧ್ಯಾಹ್ನ ಇಬ್ಬರು ಪಂಚರ ಸಮಕ್ಷಮದಲ್ಲಿ ಮನೆಯ ಪಂಚನಾಮೆ ನಡೆಯಿತು. ಎರಡೇ ಕೋಣೆ. ಮುಂದಿನದರಲ್ಲಿ ಹೊಲಿಗೆ ಯಂತ್ರ, ಅದರ ಪಕ್ಕ ಸತ್ತವಳ ತಾಯಿ. ಕೊರಳಲ್ಲಿ ಅಳತೆ ಪಟ್ಟಿ ಹಾಗೇ ಜೋತುಬಿದ್ದಿತ್ತು. ಗೋಡೆಯ ಕನ್ನಡಿಗೆ ಬಟ್ಟೆ ಇರಲಿಲ್ಲ. ಇನ್ಸ್‌ಪೆಕ್ಟರ್ ಅದರ ಮುಂದೆ ಸ್ವಲ್ಪ ಹೊತ್ತು ನಿಂತರು.

ಕಿಟಕಿಯ ಬಳಿ ವಾರದ ಮಾತ್ರೆ ಡಬ್ಬಿ ಸಿಕ್ಕಿತು. ಆಸ್ಪತ್ರೆಗೆ ಸೇರಿಸಿದ ದಿನದಿಂದಾಚೆಗಿನ ಖಾನೆಗಳು ಇನ್ನೂ ತುಂಬಿದ್ದವು.

"ಇದನ್ನ ತುಂಬ್ತಿದ್ದೋರು ಯಾರು?"

"ಅತ್ತೆ," ಎಂದ ಚಾಲಕ. "ನಾನು ಬೆಳಗಾಗೋಕೆ ಮುಂಚೆ ಬಸ್ ತೆಗೀಬೇಕಲ್ಲ ಸಾರ್. ನಾನು ಹೊರಡೋ ಹೊತ್ತಿಗೇ ಅವರು ಅಂಗೈಗೆ ಹಾಕ್ತಿದ್ರು, ಇವಳು ನೋಡದೇನೇ ನುಂಗ್ತಿದ್ಲು."

ಹೆಡ್ ಕಾನ್‌ಸ್ಟೇಬಲ್ ಗೂಟಕ್ಕೆ ತೂಗುಹಾಕಿದ್ದ ಸತ್ತವಳ ಹಸಿರು ಅಂಗಿಯನ್ನು ತಿರುವಿ ಬೆಳಕಿಗೆ ಹಿಡಿದಿದ್ದಳು.

"ಸಾರ್, ಈ ಹೊಲಿಗೆ ನೋಡಿ. ಒಂದ್ಸಲ ಬಿಚ್ಚಿ ಅಗಲ ಮಾಡಿದ್ದಾರೆ. ಆಮೇಲೆ ಮತ್ತೆ ಹಿಡಿದು ಚಿಕ್ಕದು ಮಾಡಿದ್ದಾರೆ. ದಾರ ಹೊಸದು."

ಇನ್ಸ್‌ಪೆಕ್ಟರ್ ತಾಯಿಯ ಎದುರು ಕೂತರು.

"ಅಮ್ಮಾ, ಮಗಳ ಊತ ಇಳಿದಿತ್ತಾ?"

"ಹೂಂ."

"ಹೇಗೆ?"

ಆಕೆ ಎದ್ದು ಗುಂಡಿಗಳ ಡಬ್ಬವನ್ನು ತಂದು ಅವರ ಕೈಗೆ ಕೊಟ್ಟಳು. ಬಿಳಿ ಗುಂಡಿಗಳ ನಡುವೆ ಬಿಳಿ ಮಾತ್ರೆಗಳು ಬೆರೆತಿದ್ದವು.

"ಹಾಗಾದ್ರೆ ಮಾತ್ರೆ ಡಬ್ಬಿಯಲ್ಲಿರೋದು?"

"ಮೂಳೆಗೆ ಅಂತ ನಂಗೆ ಕೊಡ್ತಾರಲ್ಲ, ಅದು."

ಚಾಲಕ ಗುಂಡಿ ಡಬ್ಬದೊಳಗೆ ಬಗ್ಗಿ ನೋಡಿದ. "ಅತ್ತೇ..."

"ಹೋದ ವರ್ಷ ಬರೀ ಕೆಮ್ಮು ಅಂತ ಆಸ್ಪತ್ರೆಗೆ ಸೇರಿಸಿದ್ವಿ. ಎಷ್ಟು ದಿನ ಉಸಿರಿಗೆ ಒದ್ದಾಡಿದ್ಲು. ಮಾತ್ರೆಯಿಂದಾನೇ ಹೀಗೆ ಅಂದ್ರು ಡಾಕ್ಟ್ರು. ಮನೆಗೆ ಬಂದು, ಅಮ್ಮಾ ಇದು ನನ್ನ ಮುಖ ಅಲ್ಲ ಅಂತ ಅತ್ಲು. ಮೊದಮೊದಲು ದಿನ ಬಿಟ್ಟು ದಿನ ತೆಗೆದೆ. ಆಮೇಲೆ ಪೂರ್ತಿ. ವಾರವಾರ ಅಳತೆ ಹಿಡಿದೆ ಸಾರ್. ತೋಳು ಇಳೀತು, ಕೊರಳು ಇಳೀತು. ಒಂದಿನ ಅವಳೇ ಕನ್ನಡಿ ಬಟ್ಟೆ ತೆಗೆದ್ಲು. ಮದುವೆ ಮುಂಚಿನ ಅಳತೆಗೇ ಬಂದ್ಲು. ವಾಸಿ ಆಯ್ತು ಅಂದ್ಕೊಂಡೆ."

"ಮಾತ್ರೆ ಯಾಕೆ ಎತ್ತಿಟ್ರಿ?"

"ಎಸೆಯೋಕೆ ಧೈರ್ಯ ಬರ್ಲಿಲ್ಲ. ಎಲ್ಲಾದ್ರೂ ಬೇಕಾದ್ರೆ..."

ಮಾತ್ರೆ ಡಬ್ಬಿ, ಗುಂಡಿ ಡಬ್ಬ, ಅಂಗಿ ಮೂರನ್ನೂ ಜಪ್ತಿ ಮಾಡಿ ಮೊಹರು ಹಾಕಲಾಯಿತು. ಸಂಜೆ ಐದಕ್ಕೆ ತಾಯಿಯ ಬಂಧನವಾಯಿತು. ಜೀಪಿನ ಹಿಂದೆಯೇ ಓಡಿಬಂದ ಚಾಲಕ ಠಾಣೆಯ ಮೆಟ್ಟಿಲ ಮೇಲೆ ಇನ್ಸ್‌ಪೆಕ್ಟರರನ್ನು ಅಡ್ಡಗಟ್ಟಿದ.

"ದೂರು ವಾಪಸ್ ತಗೋತೀನಿ ಸಾರ್. ನಂಗೆ ಉಳಿದಿರೋದು ಇವರೊಬ್ಬರೇ."

"ಆಗಲ್ಲಪ್ಪ. ಇನ್ನು ಅದು ನಿನ್ನ ಕೈಯಲ್ಲಿಲ್ಲ. ನನ್ನ ಕೈಯಲ್ಲೂ ಇಲ್ಲ."

ಅವನು ಹೋದ. ಅರ್ಧ ಗಂಟೆಯಲ್ಲಿ ಮತ್ತೆ ಬಂದ. ಕೈಯಲ್ಲಿ ಒಂದು ಸಣ್ಣ ಪೊಟ್ಟಣ.

"ಅತ್ತೆಯ ಬಿಪಿ ಮಾತ್ರೆ. ಸಂಜೆ ತಪ್ಪಿಸೋ ಹಾಗಿಲ್ಲ."

ಹೊರಗಿನಿಂದ ಬಂದ ಮಾತ್ರೆಯನ್ನು ಪರೀಕ್ಷಿಸದೆ ಕೊಡುವಂತಿಲ್ಲ. ಇನ್ಸ್‌ಪೆಕ್ಟರ್ ಪೊಟ್ಟಣ ಬಿಡಿಸಿ, ಹೆಸರು ಓದಿ, ಹಿಂದಕ್ಕೆ ಕೊಟ್ಟರು. ಹೆಡ್ ಕಾನ್‌ಸ್ಟೇಬಲ್ ನೀರು ತಂದಳು.

ಅಳಿಯ ಒಂದು ಮಾತ್ರೆ ತೆಗೆದು ಕಂಬಿಯೊಳಗೆ ಕೈ ಚಾಚಿದ. ಆಕೆ ಅಂಗೈ ಒಡ್ಡಿದಳು, ನೋಡದೆಯೇ ನುಂಗಿದಳು.