ಹನ್ನೆರಡು ಮೂಲೆಯ ನಾಣ್ಯ

“ಇದು ಇಲ್ಲಿ ಓಡುವುದಿಲ್ಲ ಮಗಾ,” ಎಂದು ಅಂಗಡಿಯ ಉಮ್ಮರಾಕ ನಾಣ್ಯವನ್ನು ಮೇಜಿನ ಮೇಲೆ ಇತ್ತ ದೂಡಿದರು.

ಸಾತ್ವಿಕಾಳ ಮುಖ ಸಪ್ಪಗಾಯಿತು. “ಡುಪ್ಲಿಕೇಟ್ ಅಲ್ಲ ಉಮ್ಮರಾಕ. ಇಪ್ಪತ್ತು ರೂಪಾಯಿ ಅಂತ ಬರ್ದುಂಟು ನೋಡಿ.”

ಡುಪ್ಲಿಕೇಟ್ ಅಲ್ಲವೆಂದು ಉಮ್ಮರಾಕನಿಗೂ ಗೊತ್ತಿತ್ತು. ಆದರೆ ಚಿಲ್ಲರೆಗೆ ಕೊಟ್ಟರೆ ಗಿರಾಕಿಗಳು ಮುಟ್ಟುವುದಿಲ್ಲವಂತೆ. ನೋಡಲು ಹತ್ತರ ನಾಣ್ಯದ ಹಾಗೇ ಉಂಟು, ಆ ಹತ್ತರದ್ದಕ್ಕೇ ಜನ ಹಿಂದೆ ಮುಂದೆ ನೋಡುತ್ತಾರೆ, ಇನ್ನು ಇದನ್ನು ಕೇಳುವವರು ಯಾರು ಎಂದರು. ಮೆಡಿಕಲ್‌ನವರೂ ಬೇಡವೆಂದಿದ್ದರು. ಬಸ್ಸಿನ ಕಂಡಕ್ಟರ್ ನೋಟು ಕೊಡು ಎಂದಿದ್ದ. ಎಲ್ಲರದ್ದೂ ಒಂದೇ ಮಾತು: ಬೇರೆಯವರು ತೆಗೆದುಕೊಂಡರೆ ನಾವೂ ತೆಗೆದುಕೊಳ್ಳುತ್ತೇವೆ. ಆ ಬೇರೆಯವರು ಮಾತ್ರ ಇಡೀ ಮಡಂತ್ಯಾರಿನಲ್ಲಿ ಎಲ್ಲೂ ಸಿಗಲಿಲ್ಲ.

ತುಳುವರ ಹೊಸ ವರ್ಷವಾದ ಬಿಸು ಹಬ್ಬದ ಬೆಳಿಗ್ಗೆ, ದೇವರ ಮುಂದೆ ಜೋಡಿಸಿಟ್ಟ ಕಣಿ ನೋಡಿ ಕಾಲು ಹಿಡಿದಾಗ ಮನೆಯ ಚಿನ್ನಯ್ಯಜ್ಜ ಕೊಟ್ಟ ನಾಣ್ಯ ಅದು. ಸುತ್ತ ಬೆಳ್ಳಿ ಬಣ್ಣ, ನಡುವೆ ಹಳದಿ, ಅಂಚಿನಲ್ಲಿ ಹನ್ನೆರಡು ಮೂಲೆ. ಚಂದವೇನೋ ಹೌದು. ಚಂದ ಕಟ್ಟಿಕೊಂಡು ಏನು ಮಾಡುವುದು? ನೆತ್ತಿ ಸುಡುವ ಬಿಸಿಲು, ಐಸ್ ಕ್ಯಾಂಡಿಯ ಆಸೆ, ಕೈಯಲ್ಲಿ ಓಡದ ದುಡ್ಡು.

ಅಷ್ಟರಲ್ಲಿ ಪೊಂಯ್ ಪೊಂಯ್ ಎನ್ನುತ್ತ ಕ್ಯಾಂಡಿಯವನ ಬೈಕ್ ಬಂತು. ಅವನು ನಾಣ್ಯವನ್ನು ಸರಿಯಾಗಿ ನೋಡಲೂ ಇಲ್ಲ. “ಹತ್ತರದ್ದಾ? ಕೊಡು, ಕೊಡು,” ಎಂದು ಜೇಬಿಗೆ ಹಾಕಿಕೊಂಡು ಒಂದು ಕ್ಯಾಂಡಿ ಕೊಟ್ಟ. ಇಪ್ಪತ್ತರದ್ದು ಎನ್ನಲು ಸಾತ್ವಿಕಾ ಬಾಯಿ ತೆರೆದಳು. ಹೇಳಿದರೆ ಇವನೂ ವಾಪಸ್ ಕೊಟ್ಟಾನು ಎಂದು ಸುಮ್ಮನಾದಳು. ಪೀಡೆ ತೊಲಗಿತು ಎಂದುಕೊಂಡು ಕ್ಯಾಂಡಿ ಚೀಪುತ್ತ ಮನೆಗೆ ಬಂದಳು.

ಸಂಜೆ ಜಗಲಿಯಲ್ಲಿ ಕೂತಿದ್ದ ಅಜ್ಜ ಅವಳತ್ತ ಕೈ ಚಾಚಿದರು. ಅವರಿಗೆ ಈಗ ಬೆಳಕು, ಕತ್ತಲೆ ಬಿಟ್ಟರೆ ಬೇರೇನೂ ಸರಿಯಾಗಿ ಕಾಣುವುದಿಲ್ಲ.

“ಆ ನಾಣ್ಯ ಉಂಟಲ್ಲ ಮಗಾ, ತಾ. ಒಮ್ಮೆ ಮುಟ್ಟಿ ನೋಡುವ.”

“ಅದು... ಬ್ಯಾಗಲ್ಲಿ ಉಂಟು ಅಜ್ಜ.”

“ಇರ್ಲಿ, ಇರ್ಲಿ. ಹೋದ ಬಿಸುವಿಗೆ ಐವತ್ತು ಅಂತ ಹೇಳಿ ನಿನಗೆ ಹತ್ತರ ನೋಟು ಕೊಟ್ಟಿದ್ದೆ, ನೆನಪುಂಟಾ? ಎಲ್ಲ ನಗಾಡಿದ್ರಿ. ಅದಕ್ಕೇ ಈ ಸಲ ಬ್ಯಾಂಕಿಗೆ ಹೋಗಿ ಇದನ್ನೇ ಕೇಳಿ ತಂದೆ. ಇದಕ್ಕೆ ಮೂಲೆ ಉಂಟು. ಎಷ್ಟರದ್ದು ಅಂತ ಯಾರನ್ನೂ ಕೇಳ್ಬೇಕಂತ ಇಲ್ಲ.”

ಸಾತ್ವಿಕಾಳಿಗೆ ನೆನಪಿತ್ತು. ಆ ದಿನ ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ.

ಮರುದಿನ ಬಿಸಿಲಿನಲ್ಲಿ ಕಾದು ನಿಂತು ಕ್ಯಾಂಡಿಯವನನ್ನು ಹಿಡಿದಳು. ಅವನು ಪಾಪ, ಜೇಬು, ಡಬ್ಬಿ ಎಲ್ಲ ತಡಕಿದ. ಆ ನಾಣ್ಯವನ್ನು ಹತ್ತೆಂದು ಯಾರಿಗೋ ಚಿಲ್ಲರೆ ಕೊಟ್ಟಾಗಿತ್ತು. “ಇಪ್ಪತ್ತರದ್ದಾ? ಮೊದ್ಲೇ ಹೇಳ್ಬಾರ್ದಾ ಮಾರಾಯ್ತಿ,” ಎಂದು ಅವನೂ ಪೇಚಾಡಿದ.

ಮನೆಗೆ ಬಂದರೆ ಅಜ್ಜ ಜಗಲಿಯಲ್ಲೇ ಇದ್ದರು. ಇನ್ನೊಂದು ಸುಳ್ಳು ಹೇಳಲು ಅವಳಿಗೆ ನಾಲಿಗೆ ಏಳಲಿಲ್ಲ. ಯಾರೂ ತೆಗೆದುಕೊಳ್ಳದ್ದು, ಕೊನೆಗೆ ಹತ್ತರದ್ದೆಂದು ಬಿಟ್ಟುಕೊಟ್ಟದ್ದು, ಎಲ್ಲವನ್ನೂ ಹೇಳಿಬಿಟ್ಟಳು.

ಅಜ್ಜ ಬೈಯಲಿಲ್ಲ. ಬೈದಿದ್ದರೇ ಒಳ್ಳೆಯದಿತ್ತು. ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜುತ್ತ ಕೂತರು.

“ಓಡದ್ದನ್ನು ಕೊಟ್ಟದ್ದು ನಂದೇ ತಪ್ಪು. ಬರುವ ಬಿಸುವಿಗೆ ನಿನ್ನ ಅಮ್ಮನೇ ಕೊಡ್ಲಿ. ನೋಟೇ ಕೊಡ್ಲಿ.”

ಸಾತ್ವಿಕಾಳಿಗೆ ಅಳು ಬಂತು. ಅಜ್ಜನ ಆ ಬೆರಳುಗಳನ್ನು ಹಿಡಿದುಕೊಂಡಳು.

“ಬೇಡ ಅಜ್ಜ. ನೀವೇ ಕೊಡಿ. ಮೂಲೆ ಇದ್ದದ್ದನ್ನೇ ಕೊಡಿ.”

“ಅದು ಓಡುವುದಿಲ್ಲವಲ್ಲ ಮಗಾ.”

“ಓಡುವುದು ಬೇಡ. ನಾನು ಇಟ್ಕೊಳ್ತೇನೆ.”

ಅಜ್ಜ ಕೈ ಹಿಂದೆಗೆಯದೆ ಅವಳ ಕೈಯಲ್ಲೇ ಬಿಟ್ಟರು.