ಊದಿಸಿದ ಫೋಟೋ

ಜನ್ನಾಪುರದ ಹೈಸ್ಕೂಲಿನ ನೋಟಿಸ್ ಬೋರ್ಡಿನ ಮೇಲೆ ಬೆಳಬೆಳಗ್ಗೆ ಒಂದು ಫೋಟೋ ಅಂಟಿಕೊಂಡಿತ್ತು. ಒಂಬತ್ತನೇ ಕ್ಲಾಸಿನ ಅಕ್ಷರಾಳದು. ಮುಖ ಅವಳದೇ. ಮೈ ಮಾತ್ರ ಎರಡರಷ್ಟು ಊದಿತ್ತು. ಹೆಡ್‌ಮಾಸ್ಟರ್ ಕೊಟ್ರಬಸಪ್ಪ ಅದನ್ನು ಕಿತ್ತು ಜೇಬಿಗೆ ತುರುಕುವಷ್ಟರಲ್ಲಿ ಅರ್ಧ ಸ್ಕೂಲು ನೋಡಿಯಾಗಿತ್ತು. ಅಕ್ಷರಾಳ ಎದುರು ಆ ಮಾತೇ ಎತ್ತಕೂಡದು ಎಂದು ಎಲ್ಲರಿಗೂ ತಾಕೀತು ಮಾಡಿ, ಪೊಲೀಸರಿಗೆ ಫೋನ್ ಮಾಡಿದರು.

ಸಬ್ ಇನ್‌ಸ್ಪೆಕ್ಟರ್ ದಿವ್ಯಶ್ರೀ ಭದ್ರಾವತಿ ಠಾಣೆಯಿಂದ ಬಂದಳು. ಮಗುವಿನ ಫೋಟೋವನ್ನು ಯಾರೋ ಊದಿಸಿದ್ದಾರೆ ಎಂದು ಹೆಡ್‌ಮಾಸ್ಟರು, ಮೇಷ್ಟ್ರುಗಳು, ಆಯಾ ಎಲ್ಲರೂ ಅದೇ ಹಾಡು ಹಾಡಿದರು. ಹುಡುಗರ ಕಿತಾಪತಿ ಇರಬೇಕು ಅಂದುಕೊಂಡಳು. ಆದರೆ ಫೋಟೋದ ಹಿಂದೆ ಲೈಬ್ರರಿಯ ಕಪಾಟು ಕಾಣುತ್ತಿತ್ತು; ಅದು ಯಾವ ಹುಡುಗನ ಮೊಬೈಲಿನದೂ ಅಲ್ಲ. ಹಿಂದಿನ ದಿನ ಶಿವಮೊಗ್ಗದಿಂದ ಸಂಶೋಧನೆಯವರು ಬಂದಿದ್ದರು. ಹರೆಯದ ಮಕ್ಕಳು ತಮ್ಮ ಮೈಯನ್ನು ತಾವು ಹೇಗೆ ಕಾಣುತ್ತಾರೆ ಅನ್ನುವುದು ಅವರ ವಿಷಯ. ಲೈಬ್ರರಿಯಲ್ಲಿ ಲ್ಯಾಪ್‌ಟಾಪು, ಪ್ರಿಂಟರು ಇಟ್ಟುಕೊಂಡು ಒಬ್ಬೊಬ್ಬರದೇ ಫೋಟೋ ತೆಗೆದವನು ಅವರ ಸಹಾಯಕ ಜ್ಞಾನೇಶ್.

ಇನ್ನೇನು ಬೇಕು? ಪೊಲೀಸರು ಅವನನ್ನು ಠಾಣೆಗೆ ಎಳೆತಂದರು.

"ನಾನು ಅಂಟಿಸಿಲ್ಲ," ಅಂದ ಜ್ಞಾನೇಶ್. "ಉಳಿದದ್ದು ಹೇಳೋ ಹಾಗಿಲ್ಲ ಮೇಡಂ."

ಕೇಸು ದಾಖಲಾದರೆ ಅವನ ಓದು, ಕೆಲಸ, ಮಾನ ಎಲ್ಲ ಮಣ್ಣುಪಾಲು. ಅದು ಅವನಿಗೂ ಗೊತ್ತಿತ್ತು. ಆದರೂ ಬಾಯಿ ಬಿಡಲೊಲ್ಲ. ದಿವ್ಯಶ್ರೀಗೆ ಮೈ ಉರಿಯಿತು. ಸಂಜೆಯವರೆಗೆ ಟೈಮು ಕೊಟ್ಟಳು.

* * *

ಊಟದ ಹೊತ್ತು. ಅಕ್ಷರಾ ಕ್ಲಾಸಿನಲ್ಲಿ ಒಬ್ಬಳೇ ಕೂತಿದ್ದಳು. ಡಬ್ಬಿಯ ಮುಚ್ಚಳ ತೆಗೆದಿರಲಿಲ್ಲ. ತಾಕೀತಿಗೆ ಹೆದರಿ ಗೆಳತಿಯರು ಹತ್ತಿರವೇ ಸುಳಿದಿರಲಿಲ್ಲ.

"ಯಾರ ಮೇಲಾದ್ರೂ ಅನುಮಾನ ಇದ್ಯಾ?" ದಿವ್ಯಶ್ರೀ ಕೇಳಿದಳು.

"ಇಲ್ಲ ಮೇಡಂ."

"ಏನು ನೋಡ್ದೆ ಹೇಳು."

"ಬೋರ್ಡಲ್ಲಿ ನನ್ನ ಫೋಟೋ ಇತ್ತು."

ಅಷ್ಟೇ. ಇಷ್ಟು ಲಕ್ಷಣವಾದ ಹುಡುಗಿಗೆ ಯಾವ ಪಾಪಿ ಹೀಗೆ ಮಾಡಿದ ಎಂದುಕೊಂಡಳು ದಿವ್ಯಶ್ರೀ. ಬಾಯಿಬಿಟ್ಟು ಹೇಳಲಿಲ್ಲ. ಹೇಳಿದರೆ ಇನ್ನಷ್ಟು ನೋವಾದೀತು ಅಂತ.

* * *

ಶಿವಮೊಗ್ಗದ ದುರ್ಗಿಗುಡಿ ಬಡಾವಣೆಯಲ್ಲಿ ಸಂಶೋಧನೆಯವರ ಆಫೀಸು. ಸಂಶೋಧನೆಯ ಮುಖ್ಯಸ್ಥೆ ಪ್ರಿಯದರ್ಶಿನಿ, ಹೇಳುವುದಕ್ಕಿಂತ ತೋರಿಸುವುದೇ ಮೇಲು ಅಂದರು. ದಿವ್ಯಶ್ರೀಯ ಫೋಟೋ ತೆಗೆದು ಲ್ಯಾಪ್‌ಟಾಪಿಗೆ ಹಾಕಿದರು. ಕೆಳಗೊಂದು ಗುಂಡಿ. ಎಡಕ್ಕೆ ಎಳೆದರೆ ಮೈ ಸಣ್ಣಗಾಗುತ್ತದೆ, ಬಲಕ್ಕೆ ಎಳೆದರೆ ದಪ್ಪ. ಇದೇ ನಾನು ಅನ್ನಿಸಿದಲ್ಲಿ ನಿಲ್ಲಿಸಬೇಕು. ಹೇಳಿ, ಬಾಗಿಲು ಹಾಕಿಕೊಂಡು ಹೊರಗೆ ಹೋದರು.

ವಾಪಸ್ ಬಂದು, ದಿವ್ಯಶ್ರೀ ಗುಂಡಿ ನಿಲ್ಲಿಸಿದ್ದ ಜಾಗ ನೋಡಿ ನಕ್ಕರು. "ಇಷ್ಟು ದಪ್ಪ ಎಲ್ಲಿದ್ದೀರಿ ಮಾರಾಯ್ರೆ?"

ದಿವ್ಯಶ್ರೀಗೆ ಕಸಿವಿಸಿಯಾಯಿತು. ಒಬ್ಬಳೇ ಇರುವ ಕ್ವಾರ್ಟರ್ಸಿನಲ್ಲಿ ಹಾಗೆನ್ನುವವರು ಯಾರೂ ಇರಲಿಲ್ಲ.

ಮಕ್ಕಳ ಚಿತ್ರ ಆಮೇಲೆ ಏನಾಗುತ್ತದೆಂದು ಕೇಳಿದಳು. ಮಗು 'ಮುಗಿಯಿತು' ಒತ್ತಿದ ಕೂಡಲೇ ಮೂಲ ಫೋಟೋ ಸಮೇತ ಅಳಿಸಿಹೋಗುತ್ತದೆ, ಆಮೇಲಷ್ಟೇ ಬಾಗಿಲು ತೆಗೆಯುತ್ತೇವೆ ಎಂದರು. ಯಾರ ಉತ್ತರವನ್ನೂ ಯಾರಿಗೂ ಹೇಳುವುದಿಲ್ಲವೆಂದು ಮಕ್ಕಳಿಗೆ ಮಾತು ಕೊಟ್ಟಿರುತ್ತಾರಂತೆ.

ದಿವ್ಯಶ್ರೀ ಎದ್ದು ನೇರ ಜೀಪಿಗೆ ಹೋದಳು.

* * *

ಸ್ಕೂಲು ಬಿಟ್ಟಿತ್ತು. ಅಕ್ಷರಾ ಇನ್ನೂ ಕ್ಲಾಸಿನ ಬೆಂಚಿನಲ್ಲೇ ಕೂತಿದ್ದಳು. ಹೆಡ್‌ಮಾಸ್ಟರನ್ನು ಹೊರಗೆ ಕಳಿಸಿ, ದಿವ್ಯಶ್ರೀ ಮೆಲ್ಲಗೆ ಅಂದಳು, "ಅಂಟಿಸಿದ್ದು ನೀನೇ ಅಲ್ವಾ ಅಕ್ಷರಾ?"

ದಿವ್ಯಶ್ರೀ ಬಿಡಿಸಿ ಹೇಳಿದಳು. ಆ ಚಿತ್ರ ಇದ್ದದ್ದು ಬಾಗಿಲು ಹಾಕಿದ ಲೈಬ್ರರಿಯಲ್ಲಿ ಮಾತ್ರ. ಆಗ ಒಳಗಿದ್ದವಳು ಅಕ್ಷರಾ ಒಬ್ಬಳೇ. ಬಾಗಿಲು ತೆಗೆಯುವ ಮೊದಲು ಅದನ್ನು ಪ್ರಿಂಟು ತೆಗೆಯಲು ಬೇರೆ ಯಾರಿಂದಲೂ ಆಗುತ್ತಿರಲಿಲ್ಲ. ಜ್ಞಾನೇಶನಿಗೆ ಇದು ಹೊಳೆದಿತ್ತು, ಮಗುವಿಗೆ ಕೊಟ್ಟ ಮಾತಿಗಾಗಿ ಸುಮ್ಮನಿದ್ದ.

"ಎಲ್ರೂ ಊದಿಸಿದ ಫೋಟೋ ಅಂದ್ರು. ನೀನೊಬ್ಳೇ ನನ್ನ ಫೋಟೋ ಅಂದೆ."

ಆ ಅಣ್ಣನನ್ನು ಬಿಟ್ಟುಬಿಡಿ, ಅವರಿಗೆ ತೊಂದರೆಯಾಗುತ್ತೆ ಅಂತ ಗೊತ್ತಿರಲಿಲ್ಲ ಎಂದು ಅಕ್ಷರಾ ಗೋಗರೆದಳು. ದಿವ್ಯಶ್ರೀ ಅಲ್ಲಿಂದಲೇ ಠಾಣೆಗೆ ಫೋನ್ ಮಾಡಿ ಅವನನ್ನು ಮನೆಗೆ ಕಳಿಸಲು ಹೇಳಿದಳು.

"ಯಾಕೆ ಅಂಟಿಸ್ದೆ?"

"ಯಾರಾದ್ರೂ ನೋಡಿ, ಇದು ನಿನ್ನ ಥರ ಇಲ್ಲ ಅಂತಾರೇನೋ ಅಂತ." ಅಕ್ಷರಾ ನೆಲ ನೋಡಿದಳು. "ಬೆಳಗ್ಗೆಯಿಂದ ಕಾಯ್ತಿದ್ದೀನಿ ಮೇಡಂ. ಯಾರೂ ಏನೂ ಅನ್ಲಿಲ್ಲ. ಹಂಗಾದ್ರೆ ನಾನು ಹಂಗೇ ಇದ್ದೀನಿ ಅಂತಾಯ್ತು."

ದಿವ್ಯಶ್ರೀಗೆ ಊಟದ ಹೊತ್ತು ನೆನಪಾಯಿತು. ಕಾಯುತ್ತಿದ್ದ ಹುಡುಗಿಯ ಎದುರು ತಾನೂ ಬಾಯಿ ಮುಚ್ಚಿಕೊಂಡಿದ್ದಳಲ್ಲ. ಅದೇ ಬೆಂಚಿನಲ್ಲಿ ಪಕ್ಕಕ್ಕೆ ಕೂತಳು.

"ಇದು ನಿನ್ನ ಥರ ಇಲ್ಲ ಕಣೇ."

ಅಕ್ಷರಾ ತಲೆಯೆತ್ತಿದಳು. "ಇನ್ನೊಂದ್ಸಲ ಹೇಳ್ತೀರಾ?"